ಹಳೇ ಫೋಟೋಗೊಂದು ರಿಪೇರಿ



ಹಿಂದಿನ ಸಂಚಿಕೆಯಲ್ಲಿ ರೇಷ್ಮೆ ಸೀರೆಯ ಜರಿ ಕಪ್ಪಾಗದಂತೆ ಕಾಪಾಡುವ ಬಗ್ಗೆ ಬರೆದಿದ್ದೆನಲ್ಲ, ಅದನ್ನು ಓದಿದ ಸೋದರಿಯೊಬ್ಬರು, "ಸೀರೆ ಹೇಗೋ ಉಳಿಯಿತು. ಅದೇ ಟ್ರಂಕಿನಲ್ಲಿದ್ದ ಮದುವೆ ಫೋಟೋಗಳು ಹಳದಿ ತಿರುಗಿ, ಕಲೆ ಬಿದ್ದು ಹಾಳಾಗಿವೆ. ಮನೆಯಲ್ಲೇ ಏನಾದರೂ ಮಾಡಬಹುದೇ?" ಎಂದು ಕೇಳಿದ್ದಾರೆ. ಮಾಡಬಹುದು ಕಣ್ರೀ, ಖಂಡಿತ ಮಾಡಬಹುದು. ಮನೆಯಲ್ಲಿ ಮಕ್ಕಳ ಓದಿಗೋ ಅಂಗಡಿ ಲೆಕ್ಕಕ್ಕೋ ತಂದ ಕಂಪ್ಯೂಟರ್ ಒಂದಿದ್ದರೆ ಸಾಕು.

ಈ ಸಲ ಫೋಟೋ ರಿಪೇರಿ ಬಗ್ಗೆ ಬರೀತೀನಿ ಎಂದಾಗ ನಮ್ಮವರು ಕನ್ನಡಕದ ಮೇಲಿಂದ ನೋಡಿ, "ಎಸ್.ಎಸ್.ಎಲ್.ಸಿ. ಮುಗಿಸಿದವಳು ಕಂಪ್ಯೂಟರ್ ಪಾಠ ಮಾಡ್ತೀಯೋ?" ಎಂದು ನಕ್ಕರು. ನಗಲಿ ಬಿಡಿ. ಒಬ್ಬಟ್ಟಿನ ಕಣಕ ಹದ ಮಾಡಲು ಬಂದವಳಿಗೆ ಇದೇನೂ ಬ್ರಹ್ಮವಿದ್ಯೆಯಲ್ಲ. ಆದರೆ ಇದರಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನೂ ಸೇರಿಸಿಯೇ ಹೇಳುತ್ತೇನೆ, ನಿಮಗಾದರೂ ಉಪಯೋಗವಾಗಲಿ.

2024ರ ಮೇ ತಿಂಗಳಿಗೆ ನಮ್ಮ ಅಪ್ಪ-ಅಮ್ಮನ ಮದುವೆಯಾಗಿ 50 ವರ್ಷ ತುಂಬುವುದಿತ್ತು. ದೊಡ್ಡ ಸಮಾರಂಭವೇನೂ ಬೇಡ, ಮನೆ ಮಟ್ಟಿಗೆ ಒಂದು ಸತ್ಯನಾರಾಯಣ ಪೂಜೆ, ಒಬ್ಬಟ್ಟಿನ ಊಟ ಎಂದು ತೀರ್ಮಾನವಾಯಿತು. ಮದುವೆಯ ಫೋಟೋ ಒಂದನ್ನು ದೊಡ್ಡದು ಮಾಡಿಸಿ, ಫ್ರೇಮು ಹಾಕಿಸಿ ಕೊಡೋಣವೆಂದು ನನ್ನ ಆಸೆ. ಆ ಮದುವೆಯಲ್ಲಿ ತೆಗೆದದ್ದೇ ಒಟ್ಟು ಮೂರು ಫೋಟೋ. ಎರಡು ಗೆದ್ದಲಿನ ಪಾಲಾಗಿ, ಉಳಿದದ್ದು ಚಪ್ಪರದಡಿ ಮನೆಮಂದಿಯೆಲ್ಲ ನಿಂತ ಗ್ರೂಪ್ ಫೋಟೋ ಒಂದೇ. ಎಂಟು ಅಂಗುಲ ಅಗಲ, ಆರು ಅಂಗುಲ ಎತ್ತರದ ಕಪ್ಪು-ಬಿಳುಪು ಚಿತ್ರ. ಯಾವುದೋ ಮಳೆಗಾಲದಲ್ಲಿ ಗೋಡೆ ಸೋರಿ, ಎಡಗಡೆ ಒಂದೂವರೆ ಅಂಗುಲದಷ್ಟು ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ ಕಂದು ಕಲೆ. ಉಳಿದ ಭಾಗವೆಲ್ಲ ಹಳದಿ.

ಮೊದಲು ನನ್ನ ತಮ್ಮನ ಮಗ ಮೊಬೈಲಿನಲ್ಲೇ ಅದನ್ನು ಹೊಡೆದುಕೊಂಡು ಯಾವುದೋ ಆ್ಯಪಿಗೆ ಹಾಕಿದ. ಎರಡೇ ನಿಮಿಷದಲ್ಲಿ ಎಲ್ಲರ ಮುಖವೂ ಫಳಫಳ! ಆದರೆ ಹತ್ತಿರದಿಂದ ನೋಡಿದರೆ ಅಮ್ಮನ ಕಣ್ಣು ಅಮ್ಮನದಲ್ಲ, ಅಪ್ಪನ ಮೂಗು ಅಪ್ಪನದಲ್ಲ. ಇಂಥ ಆ್ಯಪುಗಳು ಮಸುಕಾದ ಕಡೆ ಏನಿತ್ತೆಂದು ತಾವೇ ಊಹೆ ಮಾಡಿ ಹೊಸದಾಗಿ ಬರೆದುಬಿಡುತ್ತವಂತೆ. ಸಾವಿರಾರು ಬೇರೆ ಮುಖಗಳನ್ನು ನೋಡಿ ಕಲಿತ ಊಹೆ ಅದು. ನೋಡಲು ಚಂದ, ಆದರೆ ನಮ್ಮವರಲ್ಲ. ಹಾಗಾಗಿ ನಿಧಾನವಾದರೂ ಸರಿ, ನಮ್ಮ ಕೈಯಲ್ಲೇ ಮಾಡೋಣವೆಂದು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರು ಮಾಡಿದೆ.

ಮೊದಲು ಫೋಟೋದ ಆರೈಕೆ

ಕೊಳೆಯಾಗಿದೆಯೆಂದು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಹಳೇ ಫೋಟೋದ ಮೇಲ್ಪದರ ಜೆಲಟಿನ್ನಿನದು. ನೀರು ತಾಗಿದರೆ ಮೆತ್ತಗಾಗಿ ಕಿತ್ತು ಬರುತ್ತದೆ. ಒಣಗಿದ ಮೃದು ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ.

ಸ್ಕ್ಯಾನರ್ ಮನೆಯಲ್ಲಿರಬೇಕೆಂದೇನಿಲ್ಲ, ಜೆರಾಕ್ಸ್ ಅಂಗಡಿಯಲ್ಲಿ ಇರುತ್ತದೆ. ಅಲ್ಲಿ ಹುಡುಗರು ಅವಸರದಲ್ಲಿ ಏನೋ ಒಂದು ಮಾಡಿ ಕೊಡುತ್ತಾರೆ. ನೀವು ಮೂರು ಮಾತು ಗಟ್ಟಿಯಾಗಿ ಹೇಳಬೇಕು. ಒಂದು, 600 ಡಿಪಿಐನಲ್ಲಿ ಮಾಡು. ಅಂದರೆ ಒಂದು ಅಂಗುಲಕ್ಕೆ 600 ಚುಕ್ಕೆ. ಎರಡು, ಫೋಟೋ ಕಪ್ಪು-ಬಿಳುಪಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡು. ಯಾಕೆಂದು ಮುಂದೆ ಹೇಳುತ್ತೇನೆ, ನನ್ನನ್ನು ಕಾಪಾಡಿದ್ದೇ ಈ ಮಾತು. ಮೂರು, ಜೆಪೆಗ್ ಬೇಡ, ಟಿಫ್ ಅಥವಾ ಪಿಎನ್‌ಜಿ ಮಾಡಿ ಪೆನ್‌ಡ್ರೈವಿಗೆ ಹಾಕು. ಜೆಪೆಗ್ ಎಂಬುದು ಜಾಗ ಉಳಿಸಲು ಸ್ವಲ್ಪ ಸ್ವಲ್ಪ ವಿವರವನ್ನು ಬಿಟ್ಟುಬಿಡುತ್ತದೆ. ತಿದ್ದಿ ತಿದ್ದಿ ಸೇವ್ ಮಾಡಿದಷ್ಟೂ, ಮತ್ತೆ ಮತ್ತೆ ಬಿಸಿ ಮಾಡಿದ ಸಾರಿನ ಹಾಗೆ ಸ್ವಾದ ಹೋಗುತ್ತದೆ.

ಸಾಮಾನು

ಫೋಟೋಶಾಪ್ ಹೆಸರು ಎಲ್ಲರೂ ಕೇಳಿರುತ್ತೀರಿ. 1990ರಲ್ಲಿ ಬಂದದ್ದು, ಒಳ್ಳೆಯದೇ, ಆದರೆ ದುಡ್ಡು ಕಟ್ಟುತ್ತಿರಬೇಕು. ನಾನು ಬಳಸಿದ್ದು ಗಿಂಪ್. ಇದನ್ನು 1995ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್, ಬರೆಯಲು ತೊಡಗಿದರು. ಈಗ ಬೇರೆ ಬೇರೆ ಊರಿನವರು ಸೇರಿ ನಡೆಸುತ್ತಿದ್ದಾರೆ. ಪೂರ್ತಿ ಉಚಿತ, ಕದ್ದದ್ದೂ ಅಲ್ಲ. ಗಿಂಪ್ ಡಾಟ್ ಆರ್ಗ್ ಎಂಬ ಅವರದೇ ತಾಣದಿಂದ ಇಳಿಸಿಕೊಳ್ಳಿ, ಬೇರೆ ಕಡೆಯಿಂದ ಬೇಡ. 2025ರ ಮಾರ್ಚಿಯಲ್ಲಿ ಇದರ 3.0 ಆವೃತ್ತಿ ಬಂದಿದೆ. ನಾನಿಲ್ಲಿ ಹೇಳುವ ಕೆಲಸಗಳು ಹಳೆಯದರಲ್ಲೂ ಹೊಸದರಲ್ಲೂ ಹೆಚ್ಚುಕಡಿಮೆ ಒಂದೇ.

ತೆರೆದ ಕೂಡಲೇ ನೂರೆಂಟು ಗುಂಡಿ ಕಂಡು ಗಾಬರಿಯಾಗಬೇಡಿ. ಮಸಾಲೆ ಡಬ್ಬಿಯಲ್ಲಿ ಏಳು ಬಟ್ಟಲಿದ್ದರೂ ದಿನಾ ಬಳಸುವುದು ಮೂರು-ನಾಲ್ಕೇ ಅಲ್ಲವೇ? ಇನ್ನೊಂದು ಧೈರ್ಯದ ಮಾತು. ಸಾರಿಗೆ ಉಪ್ಪು ಹೆಚ್ಚಾದರೆ ತೆಗೆಯಲಾಗದು. ಇಲ್ಲಿ ಏನೇ ತಪ್ಪಿದರೂ ಕಂಟ್ರೋಲ್ ಗುಂಡಿ ಒತ್ತಿ ಹಿಡಿದು 'ಝಡ್' ಒತ್ತಿದರೆ ಹಿಂದಿನ ಸ್ಥಿತಿಗೆ ಬರುತ್ತದೆ.

ಕೆಲಸದ ಕ್ರಮ

1. ನಕಲು: ಸ್ಕ್ಯಾನ್ ಮಾಡಿಸಿದ ಮೂಲವನ್ನು ಮುಟ್ಟಲೇಬೇಡಿ. ಅದರದೊಂದು ನಕಲು ಮಾಡಿ, ಬೇರೆ ಹೆಸರು ಕೊಟ್ಟು, ನಕಲನ್ನೇ ತೆರೆಯಿರಿ. ಮಗಳು ಇದನ್ನು ಹೇಳಿದಾಗ "ಎಲ್ಲದಕ್ಕೂ ನಿನ್ನದೊಂದು ಶಾಸ್ತ್ರ" ಎಂದು ಗದರಿದ್ದೆ. ಈಗ ನಾನೇ ನಿಮಗೆ ಹೇಳುತ್ತಿದ್ದೇನೆ. ಫೈಲ್ ಪಟ್ಟಿಯಲ್ಲಿ 'ಓವರ್‌ರೈಟ್' ಎಂಬುದೊಂದು ಇದೆ, ಅದು ಹಳೆಯದರ ಮೇಲೆಯೇ ಬರೆದುಬಿಡುತ್ತದೆ. ಅದರ ಗೊಡವೆ ಬೇಡ.

2. ಪದರ: ಲೇಯರ್ ಪಟ್ಟಿಯಲ್ಲಿ 'ಡ್ಯೂಪ್ಲಿಕೇಟ್ ಲೇಯರ್' ಒತ್ತಿದರೆ ಚಿತ್ರದ ಮೇಲೆ ಅದೇ ಚಿತ್ರದ ಇನ್ನೊಂದು ಪದರ ಕೂರುತ್ತದೆ. ತಿದ್ದುವುದೆಲ್ಲ ಮೇಲಿನ ಪದರದಲ್ಲಿ. ಪಕ್ಕದಲ್ಲಿರುವ ಕಣ್ಣಿನ ಗುರುತು ಒತ್ತಿ ಮೇಲಿನದನ್ನು ಮರೆಮಾಡಿದರೆ, ಮೊದಲು ಹೇಗಿತ್ತು, ಈಗ ಹೇಗಾಗಿದೆ ಎಂದು ಹೋಲಿಸಿ ನೋಡಬಹುದು.

3. ಹಳದಿ ತೆಗೆಯುವುದು: ಕಲರ್ಸ್ ಪಟ್ಟಿಯಲ್ಲಿ 'ಡಿಸ್ಯಾಚುರೇಟ್' ಒತ್ತಿದರೆ ಬಣ್ಣವೆಲ್ಲ ಹೋಗಿ ಬರೀ ಕಪ್ಪು-ಬಿಳುಪು ಉಳಿಯುತ್ತದೆ.

4. ಬೆಳಕು ಸರಿಪಡಿಸುವುದು: ಅದೇ ಪಟ್ಟಿಯಲ್ಲಿ 'ಲೆವೆಲ್ಸ್' ಇದೆ. ಒತ್ತಿದರೆ ಗುಡ್ಡದಂಥ ಒಂದು ಚಿತ್ರ ಬರುತ್ತದೆ, ಕೆಳಗೆ ಮೂರು ತ್ರಿಕೋನ. ಎಡಗಡೆಯದು ಕಪ್ಪಿಗೆ, ಬಲಗಡೆಯದು ಬಿಳುಪಿಗೆ, ನಡುವಿನದು ಮಧ್ಯದ ಛಾಯೆಗೆ. ಮಾಸಿದ ಫೋಟೋದಲ್ಲಿ ಗುಡ್ಡ ನಡುವೆ ಕುಗ್ಗಿ, ಎರಡೂ ಕಡೆ ಬಯಲು ಇರುತ್ತದೆ. ಎಡದ ತ್ರಿಕೋನವನ್ನು ಗುಡ್ಡದ ಬುಡ ಶುರುವಾಗುವಲ್ಲಿಗೂ ಬಲದ್ದನ್ನು ಮುಗಿಯುವಲ್ಲಿಗೂ ಎಳೆಯಿರಿ. ನೋಡನೋಡುತ್ತಲೇ ಸೀರೆಯ ಅಂಚು, ಬಾಸಿಂಗದ ಮಣಿ ಎಲ್ಲ ಎದ್ದು ಬರುತ್ತದೆ. ಹೆಚ್ಚು ಎಳೆದರೆ ಮುಖ ಸುಣ್ಣ ಬಳಿದಂತಾಗುತ್ತದೆ, ಹದ ನೋಡಿಕೊಳ್ಳಿ.

5. ಚುಕ್ಕೆ, ಗೀರು ಮುಚ್ಚುವುದು: ಇದಕ್ಕೆ 'ಹೀಲ್' ಎಂಬ ಸಾಧನ. 'ಎಚ್' ಒತ್ತಿದರೆ ಬರುತ್ತದೆ. ಕಂಟ್ರೋಲ್ ಗುಂಡಿ ಹಿಡಿದು ಗೀರಿನ ಪಕ್ಕದ ಶುಭ್ರವಾದ ಜಾಗದ ಮೇಲೆ ಒಮ್ಮೆ ಒತ್ತಿ, ಕೈಬಿಟ್ಟು, ಈಗ ಗೀರಿನ ಮೇಲೆ ಒತ್ತುತ್ತಾ ಹೋಗಿ. ಪಕ್ಕದ ಬಟ್ಟೆಯ ಎಳೆಯಿಂದಲೇ ಹರುಕಿಗೆ ರಫು ಹಾಕಿದ ಹಾಗೆ. ಬ್ರಷ್ಷು ಗೀರಿಗಿಂತ ಚೂರೇ ದಪ್ಪ ಇರಲಿ. ಉದ್ದಕ್ಕೆ ಎಳೆಯದೆ ಚುಕ್ಕೆ ಚುಕ್ಕೆಯಾಗಿ ಒತ್ತಿ. ಮುಖದ ಮೇಲೆ ಮಾತ್ರ ಬಹಳ ಜೋಪಾನ. ಹುಟ್ಟುಮಚ್ಚೆ ಯಾವುದು, ಕಲೆ ಯಾವುದು ಎಂದು ಮನೆಯ ಹಿರಿಯರನ್ನು ಕೇಳಿಯೇ ಕೈ ಹಚ್ಚಿ.

6. ಅಂಚು ಕತ್ತರಿಸುವುದು: ಇದಕ್ಕೆ 'ಕ್ರಾಪ್'. ಹುರುಳಿಕಾಯಿಯ ತೊಟ್ಟು ತುದಿ ತೆಗೆದ ಹಾಗೆ. ಶಿಫ್ಟ್ ಹಿಡಿದು 'ಸಿ' ಒತ್ತಿ, ಬೇಕಾದ ಭಾಗದ ಸುತ್ತ ಚೌಕ ಎಳೆದು ಎಂಟರ್ ಒತ್ತಿದರೆ ಉಳಿದದ್ದು ಹೋಗುತ್ತದೆ.

ಸೋದರಿಯರೇ, ನನ್ನ ತಪ್ಪು ಇಲ್ಲೇ ಆದದ್ದು.

ನಾನು ಮಾಡಿದ ತಪ್ಪು

ನಿಜ ಹೇಳಬೇಕೆಂದರೆ ನಾನು ಕತ್ತರಿಯಿಂದಲೇ ಕೆಲಸ ಶುರು ಮಾಡಿದ್ದೆ. ಎಡಗಡೆ ಒಂದೂವರೆ ಅಂಗುಲ ಹೇಗೂ ಕಲೆಯೇ ತಾನೇ? ಅಲ್ಲಿ ಚಪ್ಪರದ ಕಂಬ, ಅದರಾಚೆ ಏನೋ ಮಸಿ ಮಸಿ. ಕತ್ತರಿಸಿ ಬಿಸಾಡಿದರೆ ಅಪ್ಪ-ಅಮ್ಮ ಸರಿಯಾಗಿ ನಡುವಿಗೆ ಬರುತ್ತಾರೆ, ಕಲೆ ತೆಗೆಯುವ ಕಷ್ಟವೂ ತಪ್ಪುತ್ತದೆ ಎಂದು ಲೆಕ್ಕ. ಉಳಿದ ಭಾಗವನ್ನು ನಾಲ್ಕು ಮಧ್ಯಾಹ್ನ ಕೂತು ತಿದ್ದಿದೆ. ಎಷ್ಟು ಚೆನ್ನಾಗಿ ಬಂತೆಂದರೆ ನಮ್ಮವರೂ ನಗು ಬಿಟ್ಟು, "ಪರವಾಗಿಲ್ಲವೇ!" ಅಂದರು.

ಪೂಜೆಗೆ ಹತ್ತು ದಿನ ಮೊದಲು ಅಮ್ಮ ನಮ್ಮಲ್ಲಿಗೆ ಬಂದಿದ್ದಾಗ, ತಡೆಯಲಾರದೆ ತೋರಿಸಿಬಿಟ್ಟೆ. ಅಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡು ನೋಡಿದರು. ಒಬ್ಬೊಬ್ಬರನ್ನೇ ಬೆರಳಿಟ್ಟು ಗುರುತಿಸಿದರು. ಬೆರಳು ಎಡದ ಕೊನೆಗೆ ಬಂದು ನಿಂತಿತು.

"ಅಕ್ಕ ಎಲ್ಲೇ?"

"ಯಾವ ಅಕ್ಕ ಅಮ್ಮ?"

"ಕಂಬದ ಹತ್ತಿರ ನಿಂತಿದ್ದಳಲ್ಲೇ, ನಮ್ಮಕ್ಕ."

ನಮ್ಮ ದೊಡ್ಡಮ್ಮನ ವಿಷಯ ಕೇಳಿ ಗೊತ್ತಿತ್ತು. ಅವರು 1983ರಲ್ಲಿ ಹೋದಾಗ ನಾನು ಮೂರು ವರ್ಷದವಳು, ಮುಖ ನೆನಪಿಲ್ಲ. ತಾಯಿಯಿಲ್ಲದ ಅಮ್ಮನನ್ನು ಸಾಕಿ ಬೆಳೆಸಿದವರು ಅವರು. ಇಪ್ಪತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡಿದ್ದರು. ತಂಗಿಯ ಮದುವೆಗೆ ಹಿತ್ತಲ ಒಲೆಯ ಮುಂದೆ ಕೂತು ಎರಡು ದಿನ ಲಾಡು, ಚಿರೋಟಿ ಮಾಡಿದರಂತೆ. ಧಾರೆಯ ಹೊತ್ತಿನಲ್ಲಿ ಮಂಟಪದ ಹತ್ತಿರ ಸುಳಿಯುವಂತಿಲ್ಲ. ಆಗಿನ ಪದ್ಧತಿ ಹಾಗೆ. ಫೋಟೋದವರು ಎಲ್ಲರೂ ಬನ್ನಿ ಎಂದಾಗ ಯಾರೂ ಇವರನ್ನು ಕರೆಯಲಿಲ್ಲವಂತೆ. "ನಾನೇ ಕಣ್ಣಲ್ಲಿ ಕರೆದೆ. ಬಂದು ಕಂಬದ ಮರೆಗೆ ನಿಂತುಕೊಂಡಳು. ಅವಳದು ಅಂತ ಇರೋ ಫೋಟೋ ಇದೊಂದೇ ಕಣೇ" ಎಂದರು ಅಮ್ಮ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಾಲ್ಕು ಮಧ್ಯಾಹ್ನದ ಕೆಲಸ ನನ್ನ ಕಣ್ಣಿಗೇ ಬೇಡವಾಯಿತು.

ಕೆಂಪು ಪದರದ ಉಪಾಯ

ಆಗ ನೆನಪಾದದ್ದು ಮಗಳ ಶಾಸ್ತ್ರ. ಮೂಲ ಸ್ಕ್ಯಾನ್ ಪೆನ್‌ಡ್ರೈವಿನಲ್ಲಿ ಹಾಗೇ ಇತ್ತು. ಹೊಸ ನಕಲು ತೆಗೆದು ಮತ್ತೆ ಮೊದಲಿಂದ ಶುರು ಮಾಡಿದೆವು. ಆದರೆ ಡಿಸ್ಯಾಚುರೇಟ್ ಮಾಡಿದರೆ ಕಂದು ಕಲೆ ಬೂದು ಕಲೆಯಾಯಿತೇ ಹೊರತು ಹೋಗಲಿಲ್ಲ. ಅದರಡಿ ಮುಖವಿದೆಯೋ ಇಲ್ಲವೋ ತಿಳಿಯದು.

ಆಗ ಮಗಳು ಒಂದು ಉಪಾಯ ಮಾಡಿದಳು. ಇದನ್ನು ಸಾವಧಾನವಾಗಿ ಓದಿ, ಕಲೆ ಬಿದ್ದ ಕಪ್ಪು-ಬಿಳುಪು ಫೋಟೋ ಇರುವವರಿಗೆಲ್ಲ ಬೇಕಾದದ್ದು. ಕಂಪ್ಯೂಟರಿನಲ್ಲಿ ಬಣ್ಣದ ಚಿತ್ರವೆಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಪದರ ಸೇರಿದ್ದು. ಹಳದಿ, ಕಂದು ಕಲೆಯಲ್ಲಿ ಕೆಂಪಿನ ಅಂಶ ಹೆಚ್ಚು, ನೀಲಿ ಅಂಶ ಕಡಿಮೆ. ಹಾಗಾಗಿ ನೀಲಿ ಪದರದಲ್ಲಿ ಕಲೆ ಕಪ್ಪಗೆ ಕಾಣುತ್ತದೆ, ಕೆಂಪು ಪದರದಲ್ಲಿ ಬಹಳ ತಿಳಿಯಾಗಿ, ಕೆಲವು ಸಲ ಇಲ್ಲವೇ ಇಲ್ಲವೆಂಬಂತೆ ಕಾಣುತ್ತದೆ. ಫೋಟೋದ ನಿಜವಾದ ಕಪ್ಪು ಮಾತ್ರ ಮೂರರಲ್ಲೂ ಕಪ್ಪೇ. ಹಾಗಾದರೆ ಕೆಂಪು ಪದರವೊಂದನ್ನೇ ಇಟ್ಟುಕೊಂಡರೆ? ಕಲೆ ಹಿಂದೆ ಸರಿಯುತ್ತದೆ, ಚಿತ್ರ ಮುಂದೆ ಬರುತ್ತದೆ. ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ ಎಂದು ಮೊದಲೇ ಹೇಳಿದ್ದು ಇದಕ್ಕೇ. ಕಪ್ಪು-ಬಿಳುಪಿನಲ್ಲಿ ಮಾಡಿಸಿದರೆ ಈ ಮೂರು ಪದರವೇ ಸಿಗುವುದಿಲ್ಲ.

ಮಾಡುವ ವಿಧಾನ: ಕಲರ್ಸ್ ಪಟ್ಟಿಗೆ ಹೋಗಿ, 'ಕಾಂಪೊನೆಂಟ್ಸ್' ಎಂಬಲ್ಲಿ 'ಎಕ್ಸ್‌ಟ್ರಾಕ್ಟ್ ಕಾಂಪೊನೆಂಟ್' ಒತ್ತಿ, 'ಆರ್‌ಜಿಬಿ ರೆಡ್' ಆರಿಸಿಕೊಳ್ಳಿ. ಅಷ್ಟೇ. ಇದನ್ನು ಮಾಡಿದರೆ ಮೂರನೇ ಕ್ರಮದ ಡಿಸ್ಯಾಚುರೇಟ್ ಬೇಕಾಗಿಲ್ಲ. ಇನ್ನೂ ಸ್ವಲ್ಪ ಕಲೆ ಉಳಿದಿದ್ದರೆ 'ಫ್ರೀ ಸೆಲೆಕ್ಟ್' ಸಾಧನದಿಂದ ಆ ಭಾಗದ ಸುತ್ತ ಮಾತ್ರ ಗೆರೆ ಎಳೆದುಕೊಳ್ಳಿ. 'ಫೆದರ್ ಎಡ್ಜಸ್' ಎಂಬುದಕ್ಕೆ ಗುರುತು ಹಾಕಿದರೆ ಅಂಚು ಒರಟಾಗದೆ ಬೆರೆಯುತ್ತದೆ. ಆಮೇಲೆ ಅಷ್ಟು ಭಾಗಕ್ಕೆ ಬೇರೆಯಾಗಿ ಲೆವೆಲ್ಸ್ ಮಾಡಿ.

ನಮಗೆ ಮೊದಲು ಕಂಡದ್ದು ಕಂಬ. ಆಮೇಲೆ ಕಂಬದ ಮೇಲಿಟ್ಟ ಒಂದು ಕೈ. ಲೆವೆಲ್ಸಿನ ನಡುವಿನ ತ್ರಿಕೋನವನ್ನು ಸ್ವಲ್ಪ ಎಡಕ್ಕೆ ಸರಿಸಿದಾಗ ಮುಖ ಬಂತು. ಅಂಚಿಲ್ಲದ ಸೀರೆ, ಬೋಳು ಹಣೆ, ಮೂಗಿನ ಪಕ್ಕ ಗಾಯದ ಸಣ್ಣ ಗುರುತು. ಕ್ಯಾಮೆರಾ ಕಡೆ ನೋಡುತ್ತಿಲ್ಲ, ತಂಗಿಯ ಕಡೆ ನೋಡುತ್ತಿದ್ದಾರೆ. ಅಮ್ಮ ಮಾತೇ ಆಡಲಿಲ್ಲ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋದದ್ದು ನಮಗ್ಯಾರಿಗೂ ತಿಳಿಯಲಿಲ್ಲ.

ಮಗಳಿಗೆ ಉತ್ಸಾಹ. "ಅಜ್ಜಿ, ಬೇಕಾದರೆ ಹಣೆಗೊಂದು ಕುಂಕುಮ ಇಟ್ಟುಬಿಡಲಾ? ಅವರನ್ನು ಕಂಬದ ಮರೆಯಿಂದ ತೆಗೆದು ನಿನ್ನ ಪಕ್ಕಕ್ಕೇ ತಂದು ನಿಲ್ಲಿಸಬಹುದು" ಅಂದಳು. ಅವಳು ಹೇಳಿದ್ದು ಸುಳ್ಳಲ್ಲ, ಈ ಗಿಂಪಿನಲ್ಲಿ ಅದೂ ಆಗುತ್ತದೆ. ನನಗೂ ಒಂದು ಕ್ಷಣ ಆಸೆಯಾಯಿತು. ಅಮ್ಮ ತುಂಬಾ ಹೊತ್ತು ಯೋಚಿಸಿ, "ಬೇಡ ಮಗಾ. ಅವಳನ್ನ ಅಲ್ಲಿ ನಿಲ್ಲಿಸಿದ್ದು ನಾವೇ. ಅದೂ ಗೊತ್ತಾಗಲಿ. ಇದ್ದ ಹಾಗೇ ಇರಲಿ, ಇದ್ದರೆ ಸಾಕು" ಎಂದರು.

ಅಂದಿನಿಂದ ನಾನೊಂದು ನಿಯಮ ಹಾಕಿಕೊಂಡಿದ್ದೇನೆ. ಕಾಲ ಮಾಡಿದ ಕಲೆಯನ್ನು ತೆಗೆಯಬಹುದು. ಮನುಷ್ಯರದ್ದನ್ನು ಮುಟ್ಟಬಾರದು. ಗೀರು, ಧೂಳು, ಬೂಷ್ಟು, ಮಳೆನೀರು ಇವೆಲ್ಲ ಆಮೇಲೆ ಬಂದವು, ಹೋಗಲಿ. ಮುಖದ ಮಚ್ಚೆ, ಹರಿದ ರವಿಕೆ, ಯಾರು ಎಲ್ಲಿ ನಿಂತಿದ್ದರು ಎಂಬುದು ಆ ದಿನದ್ದು. ಅದು ಉಳಿಯಲಿ. ಇನ್ನು ಕತ್ತರಿ ಯಾವಾಗಲೂ ಕೊನೆಗೆ, ಅದೂ ಹಿರಿಯರೊಬ್ಬರು ಅಂಚಿನಲ್ಲಿ ಏನಿದೆಯೆಂದು ನೋಡಿದ ಮೇಲೆ.

ಅಚ್ಚು ಹಾಕಿಸುವಾಗ

ಕೆಲಸ ನಡೆಯುತ್ತಿರುವಾಗ 'ಸೇವ್' ಒತ್ತಿದರೆ ಗಿಂಪ್ ತನ್ನದೇ ರೀತಿಯಲ್ಲಿ, ಪದರಗಳ ಸಮೇತ, ಎಕ್ಸ್‌ಸಿಎಫ್ ಎಂಬ ಕಡತವಾಗಿ ಇಡುತ್ತದೆ. ನಾಳೆ ಮುಂದುವರಿಸಲು ಅದೇ ಬೇಕು. ಸ್ಟುಡಿಯೋಗೆ ಕೊಡಲು 'ಎಕ್ಸ್‌ಪೋರ್ಟ್ ಆ್ಯಸ್' ಒತ್ತಿ, ಪಿಎನ್‌ಜಿ ಅಥವಾ ಜೆಪೆಗ್ ಮಾಡಿಕೊಳ್ಳಿ.

ಎಷ್ಟು ದೊಡ್ಡದು ಮಾಡಿಸಬಹುದು ಎಂಬುದಕ್ಕೆ ಸುಲಭ ಲೆಕ್ಕವಿದೆ. 8 ಅಂಗುಲ ಅಗಲದ ಫೋಟೋವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 4800 ಚುಕ್ಕೆ. ಒಳ್ಳೆಯ ಅಚ್ಚಿಗೆ ಅಂಗುಲಕ್ಕೆ 300 ಚುಕ್ಕೆ ಬೇಕು. 4800ನ್ನು 300ರಿಂದ ಭಾಗಿಸಿದರೆ 16 ಅಂಗುಲ. ಅಂದರೆ ಎರಡರಷ್ಟು ದೊಡ್ಡದು ಮಾಡಿಸಬಹುದು. ದೊಡ್ಡಮ್ಮನ ಮುಖವೊಂದನ್ನೇ ಬೇರೆ ದೊಡ್ಡದು ಮಾಡಿಸೋಣವೆಂದು ಹೊರಟೆವು. ಆದರೆ ಮೂಲದಲ್ಲಿ ಆ ಮುಖ ಅರ್ಧ ಅಂಗುಲವೂ ಇಲ್ಲ, ಸಿಗುವುದು ಹೆಚ್ಚೆಂದರೆ 300 ಚುಕ್ಕೆ. ಒಂದು ಅಂಗುಲದ ಮೇಲೆ ಎಳೆದರೆ ಮಸುಕು. ಇಲ್ಲದ್ದನ್ನು ಯಾವ ಯಂತ್ರವೂ ತಂದುಕೊಡಲಾರದು. ಪಾಸ್‌ಪೋರ್ಟ್ ಅಳತೆಯಲ್ಲಿ ಮುಖ ಒಂದಂಗುಲ ಬರುವಂತೆ ಒಂದು ಮಾಡಿಸಿದೆವು. ಅಮ್ಮ ಅದನ್ನು ದೇವರ ಪಟದ ಅಂಚಿಗೆ ಸಿಕ್ಕಿಸಿಕೊಂಡಿದ್ದಾರೆ.

ಎಲ್ಲ ಮುಗಿದ ಮೇಲೆ ಮೂಲ ಫೋಟೋವನ್ನು ಬಿಸಾಡಬೇಡಿ. ಒಣಗಿದ ಕಾಗದದ ಲಕೋಟೆಯಲ್ಲಿಟ್ಟು, ಬಿಸಿಲು, ತೇವ ತಾಗದ ಕಡೆ ಇಡಿ. ಸ್ಕ್ಯಾನ್ ಮಾಡಿದ್ದರ ನಕಲನ್ನು ಒಂದು ಪೆನ್‌ಡ್ರೈವಿನಲ್ಲಷ್ಟೇ ಅಲ್ಲದೆ ಅಣ್ಣನೋ ತಂಗಿಯೋ ಯಾರಾದರೊಬ್ಬರ ಮನೆಯಲ್ಲೂ ಇರಿಸಿ.

ಕೊನೆಯದಾಗಿ, ಫೋಟೋದಲ್ಲಿರುವವರ ಹೆಸರು ಬರೆದಿಡಿ. ಗುರುತಿಸುವವರು ಇರುವಾಗಲೇ ಕೂರಿಸಿಕೊಂಡು ಕೇಳಿ. ಮೂಲದ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದೆ ಗೆರೆ ಏಳುತ್ತದೆ, ಮೆತ್ತನೆಯ ಪೆನ್ಸಿಲ್ಲಿನಲ್ಲಿ ಹಗುರವಾಗಿ ಬರೆಯಿರಿ.

ನಮ್ಮ ಫೋಟೋ ಫ್ರೇಮಾಗಿ ಪೂಜೆಯ ದಿನ ನಡುಮನೆಯ ಗೋಡೆ ಸೇರಿತು. ಹಿಂದಿನ ದಿನ ಅಮ್ಮ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ, ಹತ್ತೊಂಬತ್ತು ಜನರ ಹೆಸರು. ಎಡದಿಂದ ಬಲಕ್ಕೆ ಎಂದು ಬರೆಯುವುದು ರೂಢಿಯಲ್ಲವೇ? ಹಾಗಾಗಿ ಮೊದಲನೆಯ ಹೆಸರು ದೊಡ್ಡಮ್ಮನದೇ ಬಂತು.

ಮುಂದಿನ ಸಂಚಿಕೆಯಲ್ಲಿ ಬಣ್ಣದ ಫೋಟೋಗಳು ಕೆಂಪಾಗುವುದೇಕೆ, ಅವನ್ನು ಸರಿಪಡಿಸುವುದು ಹೇಗೆ ಎಂದು ನೋಡೋಣ. ಅಲ್ಲಿಯವರೆಗೆ ನಿಮ್ಮ ಟ್ರಂಕನ್ನೊಮ್ಮೆ ತೆರೆದು ನೋಡಿ. ಬರಲೇ?